ಐಎಫ್‌ಸಿಎಫ್‌ಜಿ ಕಡತಗಳನ್ನು ಬಿಟ್ಟವರು ಹೇಗೆ ಬಿಟ್ಟಿರಿ?

ತುಮಕೂರು (ಪ್ರಶ್ನೆ): ಅಂತರಸನಹಳ್ಳಿಯ ನಮ್ಮ ಘಟಕದ ಆರು ಸರ್ವರ್‌ಗಳು, 2024ರ ಜೂನ್ 30ಕ್ಕೆ ಬೆಂಬಲ ಮುಗಿದ ಸೆಂಟ್‌ಓಎಸ್ 7 ಎಂಬ ಲಿನಕ್ಸ್‌ನಲ್ಲಿ, ಜಾಲದ ವಿಳಾಸಗಳನ್ನು ಐಎಫ್‌ಸಿಎಫ್‌ಜಿ ಎಂಬ ಕಡತಗಳಿಂದ ಓದುವ ಹಳೆಯ ನೆಟ್‌ವರ್ಕ್ ಸ್ಕ್ರಿಪ್ಟ್‌ಗಳನ್ನೇ ನೆಚ್ಚಿಕೊಂಡು ನಡೆಯುತ್ತಿವೆ. ಬದಲಿಗೆ ರಾಕಿ ಲಿನಕ್ಸ್ 9ಕ್ಕೂ, ಅದರಲ್ಲಿ ಸಂಪರ್ಕಗಳನ್ನು ನೋಡಿಕೊಳ್ಳುವ ನೆಟ್‌ವರ್ಕ್‌ಮ್ಯಾನೇಜರ್‌ಗೂ ಹೋಗಬೇಕಾಗಿದೆ. ಹೋದವರು ದಯವಿಟ್ಟು ಅನುಭವ ತಿಳಿಸಿ.

ಕೋಲಾರ: ನರಸಾಪುರದಲ್ಲಿ ಇದೇ ಕೆಲಸಕ್ಕೆ ಇಳಿದು ನಾನು ಕುಳಿತ ಕೊಂಬೆಯನ್ನೇ ಕಡಿದುಕೊಂಡೆ. ನೆಟ್‌ವರ್ಕ್‌ಮ್ಯಾನೇಜರಿನ ಹೊಸ ಬಗೆಯ ಕಡತವಾದ ಕೀಫೈಲನ್ನು ಕೈಯಾರೆ ಬರೆದು, ಅದರ ಅನುಮತಿಯನ್ನು 600ಕ್ಕೆ (ಒಡೆಯನಿಗೆ ಮಾತ್ರ) ಇಳಿಸದೆ 644ರಲ್ಲೇ (ಎಲ್ಲರೂ ಓದಬಹುದು) ಬಿಟ್ಟು, ಮನೆಯಲ್ಲಿ ಕುಳಿತು ಸರ್ವರನ್ನು ರೀಬೂಟ್ ಮಾಡಿದೆ. ನೆಟ್‌ವರ್ಕ್‌ಮ್ಯಾನೇಜರ್ ಆ ಕಡತವನ್ನು ಕಣ್ಣೆತ್ತಿಯೂ ನೋಡಲಿಲ್ಲ, ಸರ್ವರಿನ ಸಂಪರ್ಕ ಕಡಿದುಹೋಯಿತು. ರಾತ್ರಿ ಹನ್ನೊಂದಕ್ಕೆ ಬೈಕಿನಲ್ಲಿ ಓಡಿದರೆ ಕಾವಲುಗಾರರು ನಲವತ್ತು ನಿಮಿಷ ಗೇಟು ತೆಗೆಯಲಿಲ್ಲ, ಬಿಲ್ ಸಿಗದ ಲಾರಿಗಳು 2.10ರವರೆಗೆ ಕದಲಲಿಲ್ಲ, ಪೆಟ್ರೋಲಿಗೆ ಹಾಕಿದ 200 ರೂಪಾಯಿ ಇಂದಿಗೂ ಕೈಸೇರಿಲ್ಲ. ಹಳೆಯ ಸ್ಕ್ರಿಪ್ಟ್‌ಗಳು ಹೀಗೆ ಎಂದೂ ಮುನಿದದ್ದಿಲ್ಲ.

ಚಿಂತಾಮಣಿ: ತಪ್ಪಿದ್ದು ತಮ್ಮ ಕೈ, ದೂರು ಮಾತ್ರ ತಂತ್ರಾಂಶದ ಮೇಲೆ. ನೆಟ್‌ವರ್ಕ್‌ಮ್ಯಾನೇಜರಿಗೆ ‘ಎನ್‌ಎಂಸಿಎಲ್‌ಐ ಕನೆಕ್ಷನ್ ಮೈಗ್ರೇಟ್’ ಎಂಬ ಆದೇಶ ಕೊಟ್ಟರೆ ಹಳೆಯ ಕಡತದಿಂದ ಅದೇ ಕೀಫೈಲ್ ಬರೆಯುತ್ತದೆ, ಅನುಮತಿಯನ್ನೂ ಅದೇ ಇಡುತ್ತದೆ. ನನ್ನ ಒಂಬತ್ತು ಯಂತ್ರಗಳು ಒಂದು ಮಧ್ಯಾಹ್ನದಲ್ಲಿ ಮುಗಿದವು. ರಾಕಿಯ 9ನೆಯ ಆವೃತ್ತಿ ಹಳೆಯ ಕಡತವನ್ನು ಇನ್ನೂ ಓದುತ್ತದೆ, 10 ಓದುವುದಿಲ್ಲ. ಮುಂದೂಡುವವರು ಇದನ್ನು ನೆನಪಿಡಲಿ.

ಗೌರಿಬಿದನೂರು: ಆ ಒಂದೇ ಆದೇಶವನ್ನು ನಂಬಿ ನಾನು ಮೂರು ದಿನ ಕಳೆದುಕೊಂಡೆ. ಹಳೆಯ ಕಡತದ ‘ಎನ್‌ಎಂ ಕಂಟ್ರೋಲ್ಡ್’ (ನೆಟ್‌ವರ್ಕ್‌ಮ್ಯಾನೇಜರಿನ ಹಿಡಿತದಲ್ಲಿದೆಯೇ) ಎಂಬಲ್ಲಿ ‘ನೋ’ ಎಂದಿದ್ದ ನೆಟ್‌ವರ್ಕ್ ಕಾರ್ಡನ್ನು ಅದು ಮುಟ್ಟಲೇ ಇಲ್ಲ. ಕಾರ್ಡ್ ಚಾಲೂ ಆದೊಡನೆ ಓಡುತ್ತಿದ್ದ ‘ಇಫ್‌ಅಪ್-ಲೋಕಲ್’ ಸ್ಕ್ರಿಪ್ಟನ್ನು ಕರೆಯುವವರೇ ಇಲ್ಲವಾದ್ದರಿಂದ ಹಾಜರಾತಿ ಯಂತ್ರದ ದಾರಿ ತಪ್ಪಿತು. ಅದನ್ನು ನೆಟ್‌ವರ್ಕ್‌ಮ್ಯಾನೇಜರ್ ಸ್ಕ್ರಿಪ್ಟ್‌ಗಳನ್ನು ಕರೆಯುವ ಡಿಸ್ಪ್ಯಾಚರ್ ಫೋಲ್ಡರಿಗೆ ಸಾಗಿಸಬೇಕೆಂದು ತಿಳಿಯುವವರೆಗೆ 64 ಮಂದಿಯ ಸಹಿಯನ್ನು ಪುಸ್ತಕದಲ್ಲಿ ಹಾಕಿಸಿದೆ. ಚಿಂತಾಮಣಿಯವರ ಒಂಬತ್ತು ಯಂತ್ರಗಳಲ್ಲಿ ಸ್ಕ್ರಿಪ್ಟ್ ಇತ್ತೋ, ಬರೀ ಒಂದು ಐಪಿ ವಿಳಾಸವಿತ್ತೋ?

ಚಿಂತಾಮಣಿ: ವಿಳಾಸವೇ ಇತ್ತು. ಅಚ್ಚುಕಟ್ಟಾಗಿ ಇಟ್ಟುಕೊಂಡಿದ್ದು ಅಪರಾಧವೇ?

ಶಿರಾ: ನಾನು ಉಬುಂಟು ಎಂಬ ಬೇರೆ ಲಿನಕ್ಸ್‌ಗೇ ಹೋದೆ. ಅಲ್ಲಿ ಜಾಲ ಹೊಂದಿಸುವ ನೆಟ್‌ಪ್ಲಾನ್‌ನ, ಟ್ಯಾಬ್ ಒಪ್ಪದ ಯಾಮಲ್ ಕಡತದಲ್ಲಿ ಒಂದು ಟ್ಯಾಬ್ ನುಸುಳಿದ್ದಕ್ಕೆ ಅರ್ಧ ದಿನ ಹೋಯಿತು, ನಿಜ. ಆದರೆ ‘ನೆಟ್‌ಪ್ಲಾನ್ ಟ್ರೈ’ ಕೊಟ್ಟು 120 ಸೆಕೆಂಡಿನೊಳಗೆ ಒಪ್ಪಿಗೆ ಒತ್ತದಿದ್ದರೆ ಹಳೆಯ ಸಂಪರ್ಕ ತಾನಾಗಿ ಮರಳುತ್ತದೆ.

ಕೋಲಾರ: ಕೇಳಿದ್ದು ರಾಕಿಯ ವಿಷಯ, ಇಲ್ಲಿ ಉಬುಂಟು ಪುರಾಣವೇಕೆ?

ಶಿರಾ: ಆ ಪುರಾಣ ಕೇಳಿದ್ದರೆ ತಮ್ಮ 200 ರೂಪಾಯಿ ಉಳಿಯುತ್ತಿತ್ತು.