ಪ್ರಶ್ನೋತ್ತರ: ಹಳೆ ಕಾರು ನೋಡ್ತಿದ್ದೀರಾ? ಅನುಮಾನದ ಮೇಲ್ ಇದ್ದರೆ ಕೇಳಿ

ಬ್ಯಾಂಕಿನವರು: ಬ್ಯಾಂಕಿನ ವಂಚನೆ ವಿಭಾಗದಲ್ಲಿ ನನ್ನ ಕೆಲಸ. ಒಂದು ಗಂಟೆ ಇಲ್ಲೇ ಇರುತ್ತೇನೆ, ಕೇಳಿ.

ಸ್ಟೆಪ್ನಿ: ಮಾರುವವರು ಹಡಗಿನಲ್ಲಿ ಕೆಲಸದಲ್ಲಿದ್ದಾರಂತೆ. ಎಸ್ಕ್ರೋದಲ್ಲಿ ದುಡ್ಡು ಇಟ್ಟರೆ ಕಾರು ಮನೆಗೇ ಬರುತ್ತಂತೆ. ಬೆಲೆ ಮಾರುಕಟ್ಟೆಯ ಅರ್ಧ. ಲಿಂಕ್ ಕಳಿಸಿದ್ದಾರೆ.

ಬ್ಯಾಂಕಿನವರು: ಮೋಸ. ಕಾರೇ ಇರುವುದಿಲ್ಲ. ಕಾರು ಕೈಸೇರುವವರೆಗೆ ದುಡ್ಡು ಹಿಡಿದಿಡುವ ಮೂರನೆಯವರಿಗೆ ಎಸ್ಕ್ರೋ ಅನ್ನುತ್ತಾರೆ. ಆ ಲಿಂಕನ್ನು ಮಾರುವವನೇ ಕಳಿಸಿದರೆ ಮೂರನೆಯವನೂ ಅವನೇ.

ನಾಲ್ಕನೇ ಗೇರ್: ಓಡೋಮೀಟರ್ ತಿರುಗಿಸಿದ್ದಾರಾ ಅಂತ ಫೋಟೋ ನೋಡಿ ಗೊತ್ತಾಗುತ್ತಾ?

ಮಳೆಹನಿ: ನನ್ನದು ಬೇರೆ ಥರ. ಕಾರು ನೋಡಿದೆ, ಓಡಿಸಿದೆ. ಚಾಸಿ ನಂಬರ್ ಕಾಗದಕ್ಕೆ ಹೊಂದಿತು. ತೋರಿಸಿದ್ದು ಮಾರುವವರ ಭಾವ. "ಅವನ ಹತ್ತಿರ ಬೆಲೆ ಮಾತಾಡಬೇಡಿ, ಮನೆಯಲ್ಲಿ ಜಗಳ ಆಗುತ್ತೆ" ಅಂತ ಮೊದಲೇ ಮೇಲ್ ಬಂದಿತ್ತು. ಅದೊಂದೇ ವಿಚಿತ್ರ ಅನ್ನಿಸಿತು.

ಬ್ಯಾಂಕಿನವರು: ಮಳೆಹನಿ, ನಿಮ್ಮದೇ ನನಗೆ ಭಯ. ಇಲ್ಲಿ ಕಾರು ನಿಜ, ತೋರಿಸಿದವರೂ ನಿಜ. ನಿಮಗೆ ಮೇಲ್ ಬರೆಯುವವನು ಮಾತ್ರ ಸುಳ್ಳು. ಅವನು ನಿಜವಾದ ಮಾಲೀಕರ ಜಾಹೀರಾತು ಕದ್ದು, ಬೆಲೆ ಇಳಿಸಿ, ತನ್ನ ಮೇಲ್ ವಿಳಾಸ ಹಾಕುತ್ತಾನೆ. ನೀವು ಸಿಕ್ಕ ಮೇಲೆ ಮಾಲೀಕರಿಗೆ ಫೋನ್ ಮಾಡಿ, "ಕಾರು ನಾನು ತಗೊಳ್ತೀನಿ, ನೋಡೋಕೆ ನಮ್ಮವರು ಬರ್ತಾರೆ, ಅವರ ಹತ್ತಿರ ಬೆಲೆ ಎತ್ತಬೇಡಿ" ಅನ್ನುತ್ತಾನೆ. ನಿಮಗೆ ಮಾಲೀಕರೇ "ಭಾವ". ಮಾಲೀಕರಿಗೆ ನೀವು "ನಮ್ಮವರು". ಬೆಲೆ ಬಾಯಿಗೆ ಬರದಿದ್ದರೆ ಇಬ್ಬರಿಗೂ ಅನುಮಾನ ಬರಲ್ಲ. ದುಡ್ಡು ಅವನ ಖಾತೆಗೆ ಹೋಗುತ್ತೆ, ಕಾರು ಮಾಲೀಕರ ಅಂಗಳದಲ್ಲೇ ಇರುತ್ತೆ.

ಚಾಸಿ ನಂಬರ್ ಹೊಂದಿದ್ದೂ ಅದಕ್ಕೇ. ಈಗಿನ ಕಾರುಗಳ ಆ ನಂಬರಿನಲ್ಲಿ 17 ಅಕ್ಷರ, ಅಂಕಿ ಇರುತ್ತವೆ. ಐ, ಓ, ಕ್ಯೂ ಬರುವುದೇ ಇಲ್ಲ. ಬಂದಿದ್ದರೆ ಕಾಗದ ಸುಳ್ಳು. ಆದರೆ ಕಾಗದ ನಿಜವಾಗಿದ್ದಾಗ ಆ ಪರೀಕ್ಷೆ ಏನು ಮಾಡುತ್ತೆ?

ಕಾರು ತೋರಿಸಿದವರ ಹತ್ತಿರವೇ ಹೋಗಿ. ಕಾರು ಯಾರ ಹೆಸರಲ್ಲಿದೆ, ಎಷ್ಟಕ್ಕೆ ಮಾರುತ್ತಿದ್ದೀರಿ ಅಂತ ಎದುರೇ ಕೇಳಿ. ನೋಂದಣಿ ಕಾಗದದ ಹೆಸರು ಮತ್ತು ಬ್ಯಾಂಕ್ ಖಾತೆಯ ಹೆಸರು ಒಂದೇ ಆಗದೆ ಬಿಡಿಗಾಸೂ ಕೊಡಬೇಡಿ. ಹಳೆ ಮೇಲ್ ತೆರೆದು "ಉತ್ತರಿಸಿ" ಒತ್ತಿ ನೋಡಿ. ಮೇಲೆ ಕಂಡ ವಿಳಾಸ ಒಂದು, ಉತ್ತರ ಹೋಗುವ ವಿಳಾಸ ಇನ್ನೊಂದಾ?

ಮಿಣುಕುಹುಳ: *ಎಲ್ಲರಿಗೂ ಕಳಿಸಿ* ವೆಬ್‌ಸೈಟಿನಲ್ಲಿ ಬೀಗದ ಗುರುತಿದ್ದರೆ 100% ಸೇಫ್!! ಕಳ್ಳರು ಎಟಿಎಂಗೆ ಕರೆದೊಯ್ದರೆ ಪಿನ್ ಉಲ್ಟಾ ಒತ್ತಿ, ಪೊಲೀಸರು ಬರ್ತಾರೆ 🙏

ಬ್ಯಾಂಕಿನವರು: ಎರಡೂ ಸುಳ್ಳು. ಬೀಗ ಅಂದರೆ ನಡುದಾರಿಯಲ್ಲಿ ಯಾರೂ ಓದಲಾರರು ಅಂತ ಅಷ್ಟೇ. ಆ ಕಡೆ ಕೂತವನು ಕಳ್ಳನಲ್ಲ ಅಂತ ಅಲ್ಲ. ಕಳ್ಳರಿಗೂ ಆ ಬೀಗ ಬಿಟ್ಟಿ ಸಿಗುತ್ತೆ. ಉಲ್ಟಾ ಪಿನ್ ಕಥೆ ಕೇಳಿ ಕೇಳಿ ಸಾಕಾಗಿದೆ.

ಮಿಣುಕುಹುಳ: ಒಳ್ಳೇದಕ್ಕೇ ಕಳಿಸಿದ್ದು ಸರ್.

ಗಡಿಯಾರ: ಮೇಲ್‌ನಲ್ಲಿ ಸ್ಪೆಲಿಂಗ್ ತಪ್ಪಿದ್ದರೆ ಮೋಸ ಅಂತಾರೆ. ಹೌದಾ?

ಬ್ಯಾಂಕಿನವರು: ಈಗ ಕಳ್ಳರೂ ಚೆನ್ನಾಗಿ ಬರೀತಾರೆ. ವಿಳಾಸದ ಸ್ಪೆಲಿಂಗ್ ನೋಡಿ. ಆರ್ ಪಕ್ಕ ಎನ್ ಒತ್ತಿಟ್ಟರೆ ಎಮ್ ಥರ ಕಾಣುತ್ತೆ.

ಹೊಸಬ: ನನಗೂ ಎಸ್ಕ್ರೋ ಲಿಂಕ್ ಬಂದಿದೆ, ನಂಬಬಹುದಾ?

ಬ್ಯಾಂಕಿನವರು: ಮೇಲೆ ಓದಿ.

ಕರಿಮಣಿ: ಅರ್ಧ ಬೆಲೆಗೆ ಬಾಯಿ ಬಿಟ್ಟರೆ ಇಂಥದ್ದೇ ಆಗೋದು. ದುರಾಸೆ.

ಸ್ಟೆಪ್ನಿ: ನಾನು ದುಡ್ಡು ಕಳಿಸಿಲ್ಲ, ಕೇಳಿದೆ ಅಷ್ಟೇ. ದುರಾಸೆ ಎಲ್ಲಿ ಬಂತು?

ಕರಿಮಣಿ: ಕಳಿಸೋ ಯೋಚನೆ ಇತ್ತಲ್ವಾ.

ಗಡಿಯಾರ: ಕರಿಮಣಿ, ಹೋದ ವರ್ಷ ಬಾಡಿಗೆ ಮನೆಗೆ ಅಂತ ಅಡ್ವಾನ್ಸ್ ಕಳೆದುಕೊಂಡಿದ್ದು ನೀವೇ ಅಲ್ವಾ?

ಕರಿಮಣಿ: ಅದು ಬೇರೆ ವಿಷಯ.

ನಾಲ್ಕನೇ ಗೇರ್: ಓಡೋಮೀಟರ್?

ಹೊಸಬ: ಮೇಲೆ ಅಂದರೆ ಎಲ್ಲಿ?

ಬ್ಯಾಂಕಿನವರು: ಸ್ಕ್ರೋಲ್ ಮಾಡೋಕೂ ನಾನೇ ಬರಬೇಕಾ? ಮಳೆಹನಿ, ಇದ್ದೀರಾ?

ಮಳೆಹನಿ: ಭಾವ ಅಂದವರ ಮನೆಗೇ ಬಂದೆ. ಕಾರು ಅವರ ಹೆಸರಲ್ಲೇ ಇದೆ. "ನೀವು ಅವರ ತಂಗಿ ಅಲ್ವಾ?" ಅಂತ ನನ್ನನ್ನೇ ಕೇಳ್ತಿದ್ದಾರೆ. ಅವರು ಹೇಳೋ ಬೆಲೆ ಇನ್ನೂ ಜಾಸ್ತಿ.

ಬ್ಯಾಂಕಿನವರು: ದುಡ್ಡು ಕಳಿಸಿಲ್ಲ ತಾನೇ?

ಮಳೆಹನಿ: ಅಡ್ವಾನ್ಸ್ ಇವತ್ತು ಬೆಳಿಗ್ಗೆ ಹಾಕಿಬಿಟ್ಟೆ.

ಬ್ಯಾಂಕಿನವರು: ಈಗಲೇ ನಿಮ್ಮ ಬ್ಯಾಂಕಿಗೆ ಫೋನ್ ಮಾಡಿ, ವಂಚನೆ ವಿಭಾಗ ಕೇಳಿ. ಅವನು ದುಡ್ಡು ತೆಗೆಯುವ ಮೊದಲು ತಡೆಯೋಕೆ ನೋಡಬೇಕು. ಆಮೇಲೆ ಪೊಲೀಸರಿಗೆ ದೂರು. ಮೇಲ್ ಒಂದನ್ನೂ ಅಳಿಸಬೇಡಿ. ಇಲ್ಲಿ ಉತ್ತರ ಬರೀತಾ ಕೂರಬೇಡಿ, ಫೋನ್ ಮಾಡಿ.

ಮಿಣುಕುಹುಳ: ಇದನ್ನ ಬೇರೆ ಗುಂಪಿಗೆ ಫಾರ್ವರ್ಡ್ ಮಾಡ್ಲಾ ಸರ್?