ರಸ್ತೆ ಬದಿ ಚಾರ್ಜರ್: ಭಾನುವಾರ ಬೆಳಿಗ್ಗೆ ಜಾಗ ನೋಡೋಣ

4ನೇ ಕ್ರಾಸ್, ಮೇಲಿನ ಮನೆ
ಎಲ್ಲರಿಗೂ ನಮಸ್ಕಾರ. ನಿನ್ನೆ ರಾತ್ರಿ ಮಳೆಯಲ್ಲಿ ಕಂಡದ್ದನ್ನು ಹೇಳಲೇಬೇಕು. ನಮ್ಮ ಸಾಲಿನ ಒಂದು ಮನೆಯ ಕಿಟಕಿಯಿಂದ ಎಕ್ಸ್‌ಟೆನ್ಷನ್ ವೈರ್ ಇಳಿಬಿಟ್ಟು, ಹೊಂಗೆ ಮರಕ್ಕೆ ಒಂದು ಸುತ್ತು ಸುತ್ತಿ, ಕೆಳಗಿದ್ದ ಎಲೆಕ್ಟ್ರಿಕ್ ಸ್ಕೂಟರ್‌ಗೆ ಚುಚ್ಚಿದ್ದರು. ಜಾಯಿಂಟಿಗೆ ಟೇಪ್ ಸುತ್ತಿ ಮೇಲೆ ಹಾಲಿನ ಕವರ್ ಕಟ್ಟಿದ್ದಾರೆ. ಕವರ್ ಒಳಗೆ ನೀರು ನಿಂತಿತ್ತು. ಬೈಯಲು ಮನಸ್ಸಾಗಲಿಲ್ಲ. ಬಾಡಿಗೆಗೆ ಇರುವವರು, ಪಾರ್ಕಿಂಗ್ ಇಲ್ಲದವರು ಇನ್ನೇನು ಮಾಡಬೇಕು ಹೇಳಿ?

ರಸ್ತೆ ಬದಿಯಲ್ಲಿ ಎಲ್ಲರಿಗೂ ಸಿಗುವ ಚಾರ್ಜರ್ ಹಾಕಿಸೋಣ. ದೇಶದಲ್ಲೇ ಮೊದಲು ಇವಿ (ಎಲೆಕ್ಟ್ರಿಕ್ ವಾಹನ) ನೀತಿ ತಂದದ್ದು ನಮ್ಮ ರಾಜ್ಯ, 2017ರಲ್ಲಿ. ಕೇಂದ್ರದ 2024ರ ಮಾರ್ಗಸೂಚಿ ಪ್ರಕಾರ 2030ರೊಳಗೆ ನಗರಗಳಲ್ಲಿ ಒಂದು ಕಿಲೋಮೀಟರ್ ಉದ್ದಗಲದ ಪ್ರತಿ ಚೌಕದಲ್ಲೂ ಕನಿಷ್ಠ ಒಂದು ಚಾರ್ಜಿಂಗ್ ಸ್ಟೇಷನ್ ಇರಬೇಕು. ಸುಮ್ನೆ ಕೂತರೆ ನಮ್ಮ ಬಡಾವಣೆಗೆ ತಾನಾಗಿ ಬರುವುದಿಲ್ಲ.

2ನೇ ಕ್ರಾಸ್, ಮೂಲೆ ಮನೆ
ಬೇಡ ಅನ್ನುತ್ತಿಲ್ಲ ಸರ್. ನಮ್ಮ ಗೇಟ್ ಮುಂದೆ ಮಾತ್ರ ಬೇಡ, ಮಗಳು ಬಂದರೆ ಈಗಲೇ ಕಾರಿಗೆ ಜಾಗ ಇಲ್ಲ. ಇನ್ನೊಂದು, ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಕೈಕೊಟ್ಟು ಎರಡು ರಾತ್ರಿ ಕತ್ತಲಲ್ಲಿ ಕೂತಿದ್ದೆವು ಅಲ್ವಾ? ಅದರ ಮೇಲೆ ಇದೂ ಬಂದರೆ?

5ನೇ ಕ್ರಾಸ್, ಕೆಳಗಿನ ಮನೆ
ಆಂಟಿ, ನನ್ನದು ಎಲೆಕ್ಟ್ರಿಕಲ್ ಕೆಲಸ, ಅದಕ್ಕೆ ಹೇಳುತ್ತೇನೆ. ಹೈವೇಲಿ ಇರುವ ಡಿಸಿ ಫಾಸ್ಟ್ ಚಾರ್ಜರ್ ಒಂದೊಂದೂ 30, 60 ಕಿಲೋವ್ಯಾಟ್ ಎಳೆಯುತ್ತದೆ. ಅದು ನಮ್ಮ ರಸ್ತೆಗೆ ಬೇಡವೇ ಬೇಡ. ನಾವು ಕೇಳಬೇಕಾದ್ದು ಮನೆಗೆ ಬರುವ ಕರೆಂಟನ್ನೇ ಕೊಡುವ 3.3 ಕಿಲೋವ್ಯಾಟಿನ ನಿಧಾನದ ಎಸಿ ಚಾರ್ಜಿಂಗ್ ಪಾಯಿಂಟ್, ಒಂದು ಗೀಸರ್‌ಗಿಂತ ಸ್ವಲ್ಪ ಜಾಸ್ತಿ ಅಷ್ಟೇ. ಸ್ಕೂಟರ್ ಬ್ಯಾಟರಿಗೆ ಸುಮಾರು 3 ಯೂನಿಟ್ ಸಾಕು. 30 ಯೂನಿಟ್ ಬ್ಯಾಟರಿಯ ಕಾರು ಪೂರ್ತಿ ಖಾಲಿಯಾಗಿದ್ದರೂ ರಾತ್ರಿಯೆಲ್ಲ ಹಾಕಿಟ್ಟರೆ ಬೆಳಿಗ್ಗೆ ತುಂಬಿರುತ್ತದೆ. ಸಂಜೆ ಏಳರಿಂದ ಹತ್ತರವರೆಗೆ ಎಲ್ಲರ ಮನೆಯಲ್ಲೂ ಲೋಡ್ ಜಾಸ್ತಿ, ಆಮೇಲೆ ಇಳಿಯುತ್ತದೆ. ಹಾಗಾಗಿ ಕಾರುಗಳಿಗೆ 11ರ ಮೇಲೆ ಕರೆಂಟ್ ಕೊಡುವ ಹಾಗೆ ಟೈಮ್ ಹಾಕಬಹುದು. ಆದರೂ ಟ್ರಾನ್ಸ್‌ಫಾರ್ಮರ್ ಎಷ್ಟು ತಡೆಯುತ್ತದೆ ಅಂತ ಬೆಸ್ಕಾಂನವರೇ ನೋಡಿ ಬರೆದು ಕೊಡಬೇಕು. ನಮ್ಮ ಅರ್ಜಿಯ ಮೊದಲ ಸಾಲು ಅದೇ ಇರಲಿ. ಸರಿಯಾದ ಅರ್ಥಿಂಗ್ ಮತ್ತು ಆರ್‌ಸಿಸಿಬಿ ಇರಲೇಬೇಕು ಅಂತಲೂ ಸೇರಿಸಿ. ಕರೆಂಟ್ ಲೀಕ್ ಆದ ಕ್ಷಣ ಅದು ಲೈನ್ ಕಡಿಯುತ್ತದೆ.

1ನೇ ಮೇನ್
ಲಂಡನ್‌ನಲ್ಲಿ ಬೀದಿ ದೀಪದ ಕಂಬದಲ್ಲೇ ಪ್ಲಗ್ ಕೊಟ್ಟಿದ್ದಾರೆ. ನಮ್ಮಲ್ಲೂ ಆಗುತ್ತದಾ?

5ನೇ ಕ್ರಾಸ್, ಕೆಳಗಿನ ಮನೆ
ನಮ್ಮ ದೀಪದ ಲೈನ್ ಹಗಲು ಆಫ್ ಇರುತ್ತದೆ ಅಣ್ಣ. ಬೇರೆ ಲೈನ್, ಬೇರೆ ಮೀಟರ್ ಬೇಕು.

3ನೇ ಕ್ರಾಸ್
ನನ್ನದೊಂದೇ ಷರತ್ತು. ನಡೆಯುವ ಜಾಗದಲ್ಲಿ ಒಂದು ಇಂಚೂ ಹೋಗಬಾರದು. ನಮ್ಮ ಅಮ್ಮ ವಾಕರ್ ಹಿಡಿದು ಪಾರ್ಕಿಗೆ ಹೋಗುತ್ತಾರೆ. ಫುಟ್‌ಪಾತ್ ಮೇಲೆ ಬೈಕ್ ನಿಂತಿದ್ದರೆ ರಸ್ತೆಗೆ ಇಳಿಯಬೇಕು, ಆ ಕಲ್ಲಿನ ಎತ್ತರ ಇಳಿಯಲು ಅವರಿಗೆ ಎರಡು ನಿಮಿಷ ಬೇಕು. ಪಾರ್ಕ್ ಪಕ್ಕದಲ್ಲಿ ಯಾರ ಗೇಟೂ ಇಲ್ಲ. ಅಲ್ಲಿ ಮರಗಳ ಸಾಲಿನಲ್ಲೇ, ರಸ್ತೆ ಅಂಚಿಗೆ ಹಾಕಲಿ. ಕೇಬಲ್ ರಸ್ತೆ ಕಡೆಗೇ ಬೀಳಲಿ, ಬೇರು ಕಡಿಯುವುದು ಬೇಡ.

4ನೇ ಕ್ರಾಸ್, ಮೇಲಿನ ಮನೆ
ಪಾರ್ಕ್ ಪಕ್ಕ ಒಳ್ಳೆಯ ಜಾಗ. ಮೊದಲು ನಾಲ್ಕು ಪಾಯಿಂಟ್ ಕೇಳೋಣ. ಭಾನುವಾರ ಬೆಳಿಗ್ಗೆ 7ಕ್ಕೆ ಟೇಪ್ ಹಿಡಿದು ಬರುತ್ತೇನೆ, ಅಳತೆ ಹಾಕೋಣ. ಬೆಸ್ಕಾಂಗೆ ಒಂದು ಅರ್ಜಿ, ಪಾಲಿಕೆಗೆ ಒಂದು. ಎರಡೂ ಹಾಲಿನ ಬೂತ್‌ನಲ್ಲಿ ಇರುತ್ತವೆ, ಸಹಿ ಹಾಕಿ. ಬಾಡಿಗೆಗೆ ಇರುವವರೂ ಹಾಕಿ, ಇದು ನಿಮಗೇ ಜಾಸ್ತಿ ಬೇಕಾದದ್ದು.

4ನೇ ಕ್ರಾಸ್, ಹಿಂದಿನ ಮನೆ
ಆ ವೈರ್ ನಮ್ಮದು ಸರ್. ಈಗಲೇ ತೆಗೆದೆ. ನಾನು ಡೆಲಿವರಿ ಕೆಲಸ ಮಾಡುವವನು, ಗಾಡಿ ದಿನಾ ಓಡಲೇಬೇಕು. ಅಲ್ಲಿಯವರೆಗೆ ಯಾರಾದರೂ ಒಂದು ಪಾಯಿಂಟ್ ಕೊಟ್ಟರೆ ಯೂನಿಟ್ ಲೆಕ್ಕದಲ್ಲಿ ದುಡ್ಡು ಕೊಡುತ್ತೇನೆ.

2ನೇ ಕ್ರಾಸ್, ಮೂಲೆ ಮನೆ
ನಮ್ಮ ಪೋರ್ಟಿಕೋದಲ್ಲಿ ಪಾಯಿಂಟ್ ಇದೆಯಪ್ಪಾ. ರಾತ್ರಿ ಹತ್ತಕ್ಕೆ ಗೇಟ್ ಹಾಕುತ್ತೇವೆ, ಅಷ್ಟರೊಳಗೆ ಗಾಡಿ ತಂದು ನಿಲ್ಲಿಸು.