ಅಪ್‌ಡೇಟ್: ನಮ್ಮ ಬೋರ್ ನೀರಿನ ನೈಟ್ರೇಟ್ ರಿಪೋರ್ಟ್ ಬಂತು

ಬೆಟಗೇರಿಯ ನಮ್ಮ ಬೋರ್‌ಗೆ ಸೆಪ್ಟಿಕ್ ಟ್ಯಾಂಕಿನ ನೀರು ಇಳಿಯುತ್ತಿದೆಯಾ ಅಂತ ಕೇಳಿದ್ದೆ, ಅಲ್ವಾ? ರಿಪೋರ್ಟ್ ಬಂದಿದೆ. 'ನೈಟ್ರೇಟ್, ನೈಟ್ರೋಜನ್ ಲೆಕ್ಕದಲ್ಲಿ: 16' ಅಂತಿತ್ತು. ಕುಡಿಯುವ ನೀರಿಗೆ ಮಿತಿ ಲೀಟರಿಗೆ 45 ಮಿಲಿಗ್ರಾಂ ಅಲ್ವಾ ಅಂತ ಮನೆಯವರೆಲ್ಲ ಖುಷಿಪಟ್ಟರು. ಆದರೆ ಆ 45 ಇರುವುದು ಪೂರ್ತಿ ನೈಟ್ರೇಟ್‌ಗೆ, ರಿಪೋರ್ಟಿನ 16 ಅದರೊಳಗಿನ ನೈಟ್ರೋಜನ್ ತೂಕ ಮಾತ್ರ. 16ನ್ನು 4.43ರಿಂದ ಗುಣಿಸಿದರೆ ಲೀಟರಿಗೆ ಸುಮಾರು 71 ಮಿಲಿಗ್ರಾಂ!

ನೀವು ಹೇಳಿದಂತೆ ನಮಗಿಂತ ಎತ್ತರದ ಕಡೆ ಇರುವ ಕಾಕಾನ ಬೋರ್ ನೀರನ್ನೂ ಪರೀಕ್ಷೆಗೆ ಕೊಟ್ಟೆ. ಅಲ್ಲಿ ನೈಟ್ರೇಟ್, ಕ್ಲೋರೈಡ್ ಎರಡೂ ಕಡಿಮೆ. ನಮ್ಮದರಲ್ಲಿ ಎರಡೂ ಜಾಸ್ತಿ. ಹಾಗಾಗಿ ನನ್ನ ಅನುಮಾನ ಸೆಪ್ಟಿಕ್ ಟ್ಯಾಂಕಿನ ನೀರು ಮಣ್ಣಿಗೆ ಇಂಗುವ ಇಂಗುಗುಂಡಿ ಮೇಲೇ. ಟ್ಯಾಂಕಿನಿಂದ ಹೊರಬರುವುದು ಹೆಚ್ಚಾಗಿ ಅಮೋನಿಯಾ. ಗಾಳಿಯಾಡುವ ಮಣ್ಣಿನಲ್ಲಿ ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುತ್ತವೆ. ಅದು ಮಣ್ಣಿಗೆ ಅಂಟದೆ ನೀರಿನ ಜೊತೆ ಸೀದಾ ಕೆಳಗಿಳಿಯುತ್ತದೆ. ಹಿಂದಿನ ಹತ್ತಿ ಹೊಲದ ಯೂರಿಯಾದ್ದೂ ಒಂದಿಷ್ಟು ಪಾಲು ಇರಬಹುದು. ಮಳೆಗಾಲ ಮುಗಿದ ಮೇಲೆ ಮತ್ತೊಮ್ಮೆ ಪರೀಕ್ಷೆ ಮಾಡಿಸುತ್ತೇನೆ.

ಅವ್ವ 'ಕುದಿಸಿ ಕುಡಿದರಾಯ್ತು ಬಿಡು' ಅಂದಳು. ಕುದಿಸಿದರೆ ನೀರು ಆವಿಯಾಗಿ ನೈಟ್ರೇಟ್ ಇನ್ನೂ ದಟ್ಟವಾಗುತ್ತದೆ. ಅಕ್ಕನ ಕೂಸಿಗೆ ಇನ್ನೂ ಬಾಟಲಿ ಹಾಲು, ಎಳೆಮಕ್ಕಳಿಗೇ ಇದು ಜಾಸ್ತಿ ಅಪಾಯ. ಪುಡಿ ಕಲಸಲು ಈಗ ಆರ್‌ಓ ಘಟಕದ ಕ್ಯಾನ್ ನೀರು. ಬೋರ್ ನೀರು ಬಟ್ಟೆ, ಪಾತ್ರೆಗೆ ಮಾತ್ರ.